ಒಂದು ಕೊಪ್ಪರಿಗೆ, ನೂರು ಅಡುಗೆ: ಲಿನಕ್ಸ್ ಪ್ಲಗಿನ್‌ಗಳ ಆವೃತ್ತಿ ಜಗಳದ ಕಥೆ

ಇತಿಹಾಸದ ಸಂಚಿಕೆ ಅಂದ ಕೂಡಲೇ ನಮ್ಮ ಹಿರೇಹಡಗಲಿ ಕಡೆಯವರು ಏನು ನಿರೀಕ್ಷೆ ಮಾಡ್ತಾರೆ ಅಂತ ನನಗೆ ಗೊತ್ತು. 1057ರಲ್ಲಿ, ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರನ ಕಾಲಕ್ಕೆ ಎದ್ದ ಕಲ್ಲೇಶ್ವರ ಗುಡಿ. ಇಲ್ಲಾಂದ್ರೆ ಪಲ್ಲವರ ಶಿವಸ್ಕಂದವರ್ಮನ ತಾಮ್ರಪಟ. ತಾಮ್ರಪಟದ ಮಾತು ಇವತ್ತೂ ಒಂದು ಕಡೆ ಬರುತ್ತೆ. ಆದರೆ ಇವತ್ತಿನ ಕಥೆ ಹೆಚ್ಚೂಕಮ್ಮಿ ಮೂವತ್ತು ವರ್ಷದ್ದು, ಕಂಪ್ಯೂಟರಿನದ್ದು. ಕೇಳೋಕೆ ಒಣ ವಿಷಯ ಅನ್ನಿಸಬಹುದು. ಸ್ವಲ್ಪ ತಾಳ್ಮೆ ಇರಲಿ, ಯಾಕಂದ್ರೆ ಇದರಿಂದ ನಾನು ಒಂದು ಶಾಲೆಯ ಆಫೀಸಿನ ಕಂಪ್ಯೂಟರನ್ನ ಒಂದಿಡೀ ದಿನ ಮಲಗಿಸಿಬಿಟ್ಟಿದ್ದೆ, ಅದೂ ಟಿ.ಸಿ. ಕೊಡೋ ತಿಂಗಳಲ್ಲಿ.

ಮೊದಲು ಅದನ್ನೇ ಹೇಳಿಬಿಡ್ತೀನಿ. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಶಾಲೆಯ ಹೆಡ್ ಮೇಷ್ಟ್ರು ಫೋನ್ ಮಾಡಿದ್ರು. ಹದಿನೈದು ವರ್ಷದ ದಾಖಲೆ, ಹಳೆಯ ಮಕ್ಕಳ ಹೆಸರು, ತಂದೆ ತಾಯಿ ಹೆಸರು, ಹುಟ್ಟಿದ ತಾರೀಖು, ಎಲ್ಲಾ ನುಡಿ ತಂತ್ರಾಂಶದಲ್ಲಿ ಟೈಪ್ ಆಗಿದ್ದ ಕಡತಗಳು. ಹಳೆಯ ನುಡಿ ಅಂದ್ರೆ ನಿಮಗೆ ಗೊತ್ತಿರಬೇಕು, ಅದು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನ ಕೂರಿಸಿರ್ತಾರೆ. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಶಾಲೆಯಲ್ಲಿ ಈಗಿದ್ದದ್ದು ಉಬುಂಟು 18.04 ಹಾಕಿದ ಒಂದು ಹಳೇ ಕಂಪ್ಯೂಟರು, ಅದರಲ್ಲಿ ಲಿಬ್ರೆಆಫೀಸ್. "ತಮ್ಮಾ, ಒಂದು ಗುಂಡಿ ಒತ್ತಿದ್ರೆ ಎಲ್ಲಾ ಯೂನಿಕೋಡ್ ಆಗಂಗ ಮಾಡಿಕೊಡು, ಹೆಸರು ಹುಡುಕಾಕ ಬರವಲ್ದು" ಅಂದ್ರು. ನಾನು ಮನೆಯಲ್ಲಿ ನನ್ನ ಉಬುಂಟು 22.04 ಲ್ಯಾಪ್‌ಟಾಪಿನಲ್ಲಿ ಸಿ ಪ್ಲಸ್ ಪ್ಲಸ್‌ನಲ್ಲಿ ಒಂದು ಪ್ಲಗಿನ್ ಬರೆದೆ. ನನ್ನಲ್ಲಿ ಚೆನ್ನಾಗಿ ಓಡ್ತು. ಪೆನ್ ಡ್ರೈವ್‌ನಲ್ಲಿ ಹಾಕ್ಕೊಂಡು ಶಾಲೆಗೆ ಹೋದೆ.

ಅಲ್ಲಿ ಬಂದ ಮೊದಲ ದೂರು: ಲಿಬ್ ಐಸಿಯು ಯುಸಿ ಡಾಟ್ ಎಸ್‌ಓ ಡಾಟ್ 70 ಅನ್ನೋ ಕಡತ ಸಿಗ್ತಿಲ್ಲ. ಐಸಿಯು ಅಂದ್ರೆ ಯೂನಿಕೋಡ್ ಕೆಲಸಕ್ಕೆ ಇರೋ ಲೈಬ್ರರಿ. ನನ್ನ ಲ್ಯಾಪ್‌ಟಾಪಿನಲ್ಲಿ ಅದರ 70ನೇ ಆವೃತ್ತಿ, ಶಾಲೆಯಲ್ಲಿ 60ನೇದು. ನಾನೇನು ಮಾಡಿದೆ? ಹತ್ತು ಜನ ಒಂಬತ್ತು ಜನ ಮಾಡೋದನ್ನೇ ಮಾಡಿದೆ. 60ಕ್ಕೆ 70 ಅಂತ ಇನ್ನೊಂದು ಹೆಸರು ಅಂಟಿಸಿದೆ, ಅಂದ್ರೆ ಒಂದು ಸಿಂಬಾಲಿಕ್ ಲಿಂಕ್. ತಕ್ಷಣ ಎರಡನೇ ದೂರು: ಇಂಥಾ ಫಂಕ್ಷನ್ ಇಲ್ಲ, ಅದರ ಹೆಸರಿನ ಬಾಲದಲ್ಲೂ 70. ಆಮೇಲೆ ನನ್ನ ಯಂತ್ರದ ಐಸಿಯುವನ್ನೇ ತಂದು ಪಕ್ಕದಲ್ಲಿಟ್ಟೆ. ಮೂರನೇ ದೂರು: ಜಿಲಿಬ್‌ಸಿ 2.34 ಸಿಗ್ತಿಲ್ಲ. ಶಾಲೆಯಲ್ಲಿದ್ದದ್ದು 2.27. ಆಗ ಮಧ್ಯಾಹ್ನ ಆಗಿತ್ತು, ಹೊಟ್ಟೆ ಹಸಿದಿತ್ತು, ಸಿಟ್ಟೂ ಬಂದಿತ್ತು. ರೂಟ್ ಅಧಿಕಾರದಲ್ಲಿ ನನ್ನ ಲ್ಯಾಪ್‌ಟಾಪಿನ ಲಿಬ್‌ಸಿ ಕಡತವನ್ನ ಶಾಲೆಯದ್ದರ ಮೇಲೆ ಬರೆದುಬಿಟ್ಟೆ.

ಅದಾದ ಮೇಲೆ ಯಾವ ಆಜ್ಞೆ ಕೊಟ್ಟರೂ ಓಡಲಿಲ್ಲ. ಕಡತಗಳ ಪಟ್ಟಿ ತೋರಿಸೋ ಎಲ್‌ಎಸ್ ಓಡಲಿಲ್ಲ, ನಕಲು ಮಾಡೋ ಸಿಪಿ ಓಡಲಿಲ್ಲ. ಮಾಡಿದ ತಪ್ಪನ್ನ ವಾಪಸ್ ತಿದ್ದೋಕೆ ಬೇಕಾದ ಆಜ್ಞೆಯೂ ಅದೇ ಲಿಬ್‌ಸಿ ಮೇಲೆ ನಿಂತಿತ್ತು. ಹೆಡ್ ಮೇಷ್ಟ್ರು ಬಾಗಿಲಲ್ಲಿ ನಿಂತು, "ಏನೋ ತಮ್ಮಾ, ಸತ್ತೇ ಹೋತೇನಿದು?" ಅಂದ್ರು. ಹೊರಗೆ ವರಾಂಡದಲ್ಲಿ ಟಿ.ಸಿ.ಗೆ ಬಂದ ಇಬ್ಬರು ತಾಯಂದಿರು ಕೂತಿದ್ರು.

ಇದು ಯಾಕೆ ಹೀಗಾಯ್ತು ಅನ್ನೋದಕ್ಕೆ ಉತ್ತರ ಇತಿಹಾಸದಲ್ಲಿದೆ. ಆ ಕಂಪ್ಯೂಟರ್ ಏನಾಯ್ತು ಅಂತ ಕೊನೆಗೆ ಹೇಳ್ತೀನಿ.

ನಮ್ಮ ಹಳ್ಳಿಗಳಲ್ಲಿ ಮದುವೆ ಅಡುಗೆಯ ದೊಡ್ಡ ಕೊಪ್ಪರಿಗೆ, ಹಂಡೆ, ಸೌಟು ಪ್ರತಿ ಮನೆಯಲ್ಲೂ ಇರ್ತಿರಲಿಲ್ಲ. ಗುಡಿಯಲ್ಲೋ ಸಮಾಜದ ಮನೆಯಲ್ಲೋ ಒಂದು ಜೊತೆ ಇರೋದು, ಬೇಕಾದವರು ತಗೊಂಡು ಹೋಗಿ ತೊಳೆದು ತಂದಿಡೋದು. ಶೇರ್ಡ್ ಲೈಬ್ರರಿ ಅನ್ನೋದು ಇದೇ. ಕಡತ ತೆರೆಯೋದು, ಅಕ್ಷರ ಬಿಡಿಸೋದು, ಗುಣಿಸೋದು ಇಂಥ ಕೆಲಸ ಎಲ್ಲಾ ಪ್ರೋಗ್ರಾಮಿಗೂ ಬೇಕು. ಪ್ರತಿಯೊಂದರ ಹೊಟ್ಟೆಯಲ್ಲೂ ಅದನ್ನ ತುಂಬಿದರೆ ಡಿಸ್ಕೂ ಹಾಳು, ಮೆಮೊರಿಯೂ ಹಾಳು. ಒಂದೇ ಪ್ರತಿ ಇಟ್ಟು ಎಲ್ಲರೂ ಹಂಚಿಕೊಳ್ಳೋ ಆಲೋಚನೆ 1960ರ ದಶಕದ ಮಲ್ಟಿಕ್ಸ್ ವ್ಯವಸ್ಥೆಯಲ್ಲೇ ಇತ್ತು. ಯೂನಿಕ್ಸ್ ಮಾತ್ರ ಬಹಳ ದಿನ ಅದರ ತಂಟೆಗೆ ಹೋಗಲಿಲ್ಲ. 1980ರ ದಶಕದ ಕೊನೆಗೆ ಸನ್ ಕಂಪನಿ ತನ್ನ ಸನ್‌ಓಎಸ್ 4ರಲ್ಲಿ ತಂದ ರೀತಿಯೇ ಇವತ್ತಿನ ಲಿನಕ್ಸಿಗೆ ಅಜ್ಜ.

ಲಿನಕ್ಸಿನ ಮೊದಲ ವರ್ಷಗಳ ವ್ಯವಸ್ಥೆ ಮಾತ್ರ ಬೇರೆ ಥರ. ಆಗಿನ ಕಡತ ರೂಪಕ್ಕೆ ಎ ಡಾಟ್ ಔಟ್ ಅಂತಿದ್ರು. ಅದರಲ್ಲಿ ಪ್ರತಿ ಲೈಬ್ರರಿಗೂ ಮೆಮೊರಿಯಲ್ಲಿ ಒಂದು ಖಾಯಂ ವಿಳಾಸ. ಸರ್ವೆ ನಂಬರ್ ಇದ್ದ ಹಾಗೆ ಅಂದ್ಕೊಳ್ಳಿ. ಎರಡು ಲೈಬ್ರರಿಗಳು ಒಂದೇ ಜಾಗದಲ್ಲಿ ಕೂರಬಾರದು ಅಂತ ಒಂದು ಪಟ್ಟಿ, ಹೊಸ ಲೈಬ್ರರಿ ಮಾಡೋರು ಅದರಲ್ಲಿ ಜಾಗ ಬರೆಸಬೇಕು. ನಗು ಬರುತ್ತೆ, ಆದರೆ ಕೆಲವೇ ಲೈಬ್ರರಿ ಇದ್ದಾಗ ಅದು ನಡೀತಿತ್ತು. 1995ರ ಹೊತ್ತಿಗೆ ಎಲ್ಫ್ ಅನ್ನೋ ಹೊಸ ರೂಪ ಬಂತು, ಲೈಬ್ರರಿ ಎಲ್ಲಿ ಬೇಕಾದರೂ ಕೂರಬಹುದು ಅಂತಾಯ್ತು. ಇವತ್ತಿಗೂ ಅದೇ ನಡೀತಿದೆ.

ಎಲ್ಫ್ ಜೊತೆಗೆ ಗಟ್ಟಿಯಾದ ಒಂದು ಪದ್ಧತಿ ಎಸ್‌ಓ ನೇಮ್. ಲೈಬ್ರರಿಯ ಹೆಸರಿನ ಕೊನೆಗೆ ಒಂದು ಅಂಕಿ. ಹಳೆಯ ಪ್ರೋಗ್ರಾಮುಗಳು ಮುರಿಯೋ ಹಂಗೆ ಏನಾದರೂ ಬದಲಾಯಿಸಿದರೆ ಅಂಕಿ ಏರಿಸಬೇಕು. ಮುರಿಯದೆ ಸೇರಿಸಿದರೆ ಏರಿಸಬಾರದು. ಪ್ರೋಗ್ರಾಮು ತನಗೆ ಯಾವ ಅಂಕಿಯದ್ದು ಬೇಕು ಅಂತ ತನ್ನ ಹಣೆಯಲ್ಲಿ ಬರೆದುಕೊಂಡಿರುತ್ತೆ. ನಾನು ಶಾಲೆಯಲ್ಲಿ ಅಂಟಿಸಿದ ಸುಳ್ಳು ಹೆಸರು ಇದೇ ಪದ್ಧತಿಗೆ ಮಾಡಿದ ಮೋಸ. ನಮ್ಮ ಪಕ್ಕದ ಹರಪನಹಳ್ಳಿಯನ್ನೇ ನೋಡ್ರಿ. 1997ರ ತನಕ ಬಳ್ಳಾರಿ ಜಿಲ್ಲೆ, ಆಮೇಲೆ ದಾವಣಗೆರೆ, ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಕಾಗದದ ಮೇಲೆ ಜಿಲ್ಲೆಯ ಹೆಸರು ತಿದ್ದಿದ ಮಾತ್ರಕ್ಕೆ ಫೈಲು ಇರೋ ಕಪಾಟು ಊರು ಬದಲಾಯಿಸಲ್ಲ. ಹೋಗಿ ನೋಡಿದರೆ ಖಾಲಿ ಕಪಾಟು.

ಮೊದಲ ದೊಡ್ಡ ಜಗಳ 1997-98ರಲ್ಲಿ. ಆಗ ಲಿನಕ್ಸಿನ ಸಿ ಲೈಬ್ರರಿ ಲಿಬ್‌ಸಿ 5ರಿಂದ ಲಿಬ್‌ಸಿ 6ಕ್ಕೆ, ಅಂದ್ರೆ ಜಿಲಿಬ್‌ಸಿ 2ಕ್ಕೆ ದಾಟಿತು. ರೆಡ್ ಹ್ಯಾಟ್ 5.0 ಇದನ್ನ 1997ರ ಕೊನೆಗೆ ತಂತು, ಡೆಬಿಯನ್ 2.0 1998ರ ಜುಲೈನಲ್ಲಿ. ಪ್ರೋಗ್ರಾಮು ಲಿಬ್‌ಸಿ 5 ಕೇಳುತ್ತೆ, ಅದು ಬಳಸೋ ಚಿತ್ರದ ಲೈಬ್ರರಿ ಲಿಬ್‌ಸಿ 6 ಕೇಳುತ್ತೆ. ಎರಡೂ ಒಂದೇ ಮನೆಯೊಳಗೆ ಬಂದು ಕೂರ್ತವೆ. ಒಂದು ಕೊಟ್ಟ ಮೆಮೊರಿಯನ್ನ ಇನ್ನೊಂದು ಬಿಡಿಸೋಕೆ ಹೋಗುತ್ತೆ, ಪ್ರೋಗ್ರಾಮು ಅಲ್ಲೇ ಬೀಳುತ್ತೆ. ಪತ್ರಿಕೆ ಜೊತೆ ಬರ್ತಿದ್ದ ಸಿ.ಡಿ.ಯಿಂದ ಲಿನಕ್ಸ್ ಹಾಕ್ಕೊಂಡು, ಇಂಟರ್ನೆಟ್ ಇಲ್ಲದೆ, ಇಂಥ ತೊಂದರೆ ಎದುರಿಸಿದ ಹಿರಿಯರು ಹೊಸಪೇಟೆ, ಬಳ್ಳಾರಿಯಲ್ಲಿ ಈಗಲೂ ಸಿಗ್ತಾರೆ. ಅವರ ಎದುರಿಗೆ ಲಿಬ್‌ಸಿ 5 ಅಂದು ನೋಡಿ, ಒಂದು ಟೀ ಮುಗಿಯೋ ತನಕ ಬೈತಾರೆ.

ಆ ಅನುಭವದಿಂದ ಜಿಲಿಬ್‌ಸಿಯವರು ಒಂದು ನಿರ್ಧಾರಕ್ಕೆ ಬಂದ್ರು. ಇನ್ನು ಮುಂದೆ ಅಂಕಿ ಏರಿಸೋದೇ ಬೇಡ, 6ರಲ್ಲೇ ಇರಲಿ. ಇವತ್ತಿಗೂ ಅದು 6ರಲ್ಲೇ ಇದೆ. ಹಾಗಾದರೆ ಬದಲಾವಣೆ ಹೇಗೆ? ಪ್ರತಿ ಫಂಕ್ಷನ್ನಿಗೂ ಬೇರೆ ಬೇರೆ ಆವೃತ್ತಿಯ ಚೀಟಿ ಅಂಟಿಸೋದು. ಇದಕ್ಕೆ ಸಿಂಬಲ್ ವರ್ಶನಿಂಗ್ ಅಂತಾರೆ. ಸನ್‌ನವರ ಸೊಲಾರಿಸ್‌ನಲ್ಲಿ ಇದರ ಮೂಲ ಇತ್ತು, ಜಿಲಿಬ್‌ಸಿ ಅದನ್ನ ಇನ್ನೂ ಮುಂದೆ ತಗೊಂಡು ಹೋಯ್ತು: ಒಂದೇ ಹೆಸರಿನ ಫಂಕ್ಷನ್ ಹಳೆಯ ರೂಪದಲ್ಲೂ ಹೊಸ ರೂಪದಲ್ಲೂ ಒಂದೇ ಲೈಬ್ರರಿಯೊಳಗೆ ಇರಬಹುದು. ಹಳೆ ಪ್ರೋಗ್ರಾಮಿಗೆ ಹಳೆಯದು, ಹೊಸದಕ್ಕೆ ಹೊಸದು.

ಇಲ್ಲಿ ನಮ್ಮ ತಾಮ್ರಪಟ ನೆನಪಾಗುತ್ತೆ. ಹಿರೇಹಡಗಲಿಯಲ್ಲಿ ಸಿಕ್ಕ ಆ ಶಾಸನ ಪ್ರಾಕೃತದಲ್ಲಿದೆ, ಕೊನೆಯ ಮಂಗಳದ ಸಾಲು ಮಾತ್ರ ಸಂಸ್ಕೃತ. ಕಾಂಚೀಪುರದಿಂದ ಹೊರಟದ್ದು. ಹಿಂದಿನ ದೊರೆ ಕೊಟ್ಟಿದ್ದ ತೋಟದ ದಾನವನ್ನ ಶಿವಸ್ಕಂದವರ್ಮ ಅದರಲ್ಲಿ ಮತ್ತೆ ಊರ್ಜಿತ ಮಾಡ್ತಾನೆ. ದೊರೆ ಬದಲಾದ, ಹಳೆಯ ಮಾತು ನಡೆಯುತ್ತೆ ಅಂತ ತಾಮ್ರದ ಮೇಲೆ ಕೊರೆಸಿದ. ಜಿಲಿಬ್‌ಸಿಯವರು ಮಾಡೋದೂ ಅದೇ ಥರದ ಕೆಲಸ, ತಾಮ್ರ ಇಲ್ಲ ಅಷ್ಟೇ.

ಆದರೆ ಈ ಭರವಸೆ ಒಂದೇ ದಿಕ್ಕಿನದ್ದು, ಇದನ್ನ ನಾನು ಶಾಲೆಯಲ್ಲಿ ಮರೆತಿದ್ದೆ. ಹಳೆಯ ಯಂತ್ರದಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತೆ. ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡುತ್ತೆ ಅಂತ ಯಾರೂ ಮಾತು ಕೊಟ್ಟಿಲ್ಲ. 2021ರ ಆಗಸ್ಟಿನಲ್ಲಿ ಬಂದ ಜಿಲಿಬ್‌ಸಿ 2.34ರಲ್ಲಿ, ಅದುವರೆಗೂ ಬೇರೆ ಕಡತದಲ್ಲಿದ್ದ ಥ್ರೆಡ್ ಲೈಬ್ರರಿಯನ್ನ ಮುಖ್ಯ ಲಿಬ್‌ಸಿಯೊಳಗೆ ಸೇರಿಸಿದ್ರು. ಹಾಗಾಗಿ ಥ್ರೆಡ್ ಹುಟ್ಟಿಸೋ ಫಂಕ್ಷನ್ನಿಗೆ 2.34ರ ಹೊಸ ಚೀಟಿ. ನನ್ನ ಪ್ಲಗಿನ್ ಒಂದೇ ಒಂದು ಥ್ರೆಡ್ ಬಳಸಿತ್ತು, ಅದೂ "ಕೆಲಸ ನಡೀತಿದೆ" ಅಂತ ಒಂದು ಪಟ್ಟಿ ಓಡಿಸೋ ಶೋಕಿಗೆ. ಆ ಶೋಕಿಗೋಸ್ಕರ ಶಾಲೆಯ ಯಂತ್ರ ಬಿತ್ತು.

ಈಗ ಪ್ಲಗಿನ್ ವಿಷಯಕ್ಕೆ ಬರೋಣ, ಯಾಕಂದ್ರೆ ಸಾದಾ ಪ್ರೋಗ್ರಾಮಿಗಿಂತ ಪ್ಲಗಿನ್ನಿನ ಪಾಡು ಕಷ್ಟ. ಪ್ರೋಗ್ರಾಮು ಮನೆ ಯಜಮಾನ. ಪ್ಲಗಿನ್ ಆಮೇಲೆ ಬಂದ ಅತಿಥಿ. ಡಿಎಲ್ ಓಪನ್ ಅನ್ನೋ ಕರೆಯಿಂದ ಅದು ಒಳಗೆ ಬರೋ ಹೊತ್ತಿಗೆ ಯಜಮಾನ ತನಗೆ ಬೇಕಾದ ಲೈಬ್ರರಿಗಳನ್ನೆಲ್ಲ ತಂದು ಜೋಡಿಸಿರ್ತಾನೆ. ಅತಿಥಿಗೆ ಅದೇ ಎಸ್‌ಓ ನೇಮ್‌ನ ಲೈಬ್ರರಿ ಬೇಕಾದರೆ, ಮನೆಯಲ್ಲಿ ಈಗಾಗಲೇ ಇರೋದನ್ನೇ ಕೊಡ್ತಾರೆ. ತನ್ನ ಚೀಲದಲ್ಲಿ ಹೊಸದನ್ನ ತಂದಿದ್ರೂ ತೆಗೆಯೋ ಹಾಗಿಲ್ಲ. ಒಂದೇ ಹೆಸರಿನ ಎರಡು ಫಂಕ್ಷನ್ ಇದ್ದರೂ ಸಾಮಾನ್ಯವಾಗಿ ಮೊದಲು ಬಂದದ್ದೇ ಗೆಲ್ಲುತ್ತೆ. ನನ್ನ ಯಂತ್ರದಲ್ಲಿ ಓಡ್ತು, ನಿಮ್ಮಲ್ಲಿ ಯಾಕಿಲ್ಲ ಅನ್ನೋ ಮಾತು ಪ್ಲಗಿನ್ ಲೋಕದಲ್ಲಿ ಇಷ್ಟು ಕೇಳೋದಕ್ಕೆ ಇದೇ ಕಾರಣ.

ಇದರ ಮೊದಲ ಪ್ರಸಿದ್ಧ ಉದಾಹರಣೆ ಬ್ರೌಸರಿನ ಜಾವಾ ಪ್ಲಗಿನ್. 2002ರ ಆಗಸ್ಟಿನಲ್ಲಿ ಜಿಸಿಸಿ 3.2 ಕಂಪೈಲರ್ ಬಂತು. ಸಿ ಪ್ಲಸ್ ಪ್ಲಸ್ ಕೋಡು ಯಂತ್ರದ ಮಟ್ಟದಲ್ಲಿ ಹೇಗೆ ಜೋಡಣೆಯಾಗಬೇಕು ಅನ್ನೋ ನಿಯಮಗಳು, ಎಬಿಐ ಅಂತಾರಲ್ಲ, ಅವು ಹಳೆಯ 2.95 ಕಾಲದ್ದಕ್ಕಿಂತ ಪೂರ್ತಿ ಬೇರೆ. ಅದೇ ವರ್ಷ ರೆಡ್ ಹ್ಯಾಟ್ 8.0 ಇಡೀ ವ್ಯವಸ್ಥೆಯನ್ನ ಹೊಸ ಕಂಪೈಲರಿನಲ್ಲಿ ಕಟ್ಟಿತು, ಮೊಜಿಲ್ಲಾ ಬ್ರೌಸರ್ ಸಮೇತ. ಸನ್ ಕೊಡ್ತಿದ್ದ ಜಾವಾ ಪ್ಲಗಿನ್ ಹಳೆಯದರಲ್ಲಿ ಕಟ್ಟಿದ್ದು. ಇಬ್ಬರೂ ಒಂದೇ ಭಾಷೆಯ ಹೆಸರು ಹೇಳ್ತಾರೆ, ಒಬ್ಬರ ಮಾತು ಒಬ್ಬರಿಗೆ ತಿಳಿಯಲ್ಲ. ಕೊನೆಗೆ ಜಾವಾ 1.4.2ರಲ್ಲಿ ಒಂದೇ ಪ್ಲಗಿನ್ನನ್ನ ಎರಡು ಸಲ ಕಟ್ಟಿ ಎರಡು ಫೋಲ್ಡರಿನಲ್ಲಿಟ್ಟು ಕಳಿಸಿದ್ರು, ಒಂದರ ಹೆಸರಿನ ಕೊನೆಗೆ ಜಿಸಿಸಿ 32 ಅಂತಲೇ ಬರೆದು. ನಿಮ್ಮ ಬ್ರೌಸರ್ ಯಾವ ಕಂಪೈಲರಿನಲ್ಲಿ ಹುಟ್ಟಿದೆ ಅಂತ ಪತ್ತೆ ಹಚ್ಚಿ ಸರಿಯಾದದ್ದಕ್ಕೆ ಲಿಂಕ್ ಹಾಕೋದು ಬಳಸೋವರ ಕೆಲಸ. ಪರಿಹಾರ ಒರಟು, ಆದರೆ ಪ್ರಾಮಾಣಿಕ.

ಎರಡನೇ ಉದಾಹರಣೆ ನನಗೆ ಇನ್ನೂ ಇಷ್ಟ. 2010ರ ಕೊನೆ, ಫೆಡೋರಾ 14. ಜನ ಫ್ಲ್ಯಾಶ್ ಪ್ಲಗಿನ್‌ನಲ್ಲಿ ಹಾಡು ಕೇಳಿದರೆ ಕರಕರ ಸದ್ದು. ಎಲ್ಲರೂ ಮೊದಲು ಬೈದದ್ದು ಸೌಂಡ್ ಕಾರ್ಡಿಗೆ. ನಿಜವಾದ ಕಾರಣ ಮೆಮ್‌ಸಿಪಿವೈ ಅನ್ನೋ ಒಂದು ಸಣ್ಣ ಫಂಕ್ಷನ್. ಮೆಮೊರಿಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡೋದು ಅದರ ಕೆಲಸ. ಎರಡೂ ಜಾಗ ಒಂದರ ಮೇಲೊಂದು ಬೀಳ್ತಿದ್ದರೆ ಇದನ್ನ ಬಳಸಬೇಡಿ, ಮೆಮ್‌ಮೂವ್ ಬಳಸಿ ಅಂತ ನಿಯಮವೇ ಇದೆ. ಫ್ಲ್ಯಾಶ್ ಆ ನಿಯಮ ಮುರಿದಿತ್ತು. ಆದರೂ ವರ್ಷಗಟ್ಟಲೆ ನಡೆದಿತ್ತು, ಯಾಕಂದ್ರೆ ಹಳೆಯ ಮೆಮ್‌ಸಿಪಿವೈ ಮುಂದಿನಿಂದ ಹಿಂದಕ್ಕೆ ಸಾಲಾಗಿ ನಕಲು ಮಾಡ್ತಿತ್ತು. ಹೊಸದು ವೇಗಕ್ಕೋಸ್ಕರ ಕೆಲವು ಪ್ರೊಸೆಸರ್‌ಗಳಲ್ಲಿ ಕೊನೆಯಿಂದ ಶುರು ಮಾಡಿತು. ಬೆಂಚಿನ ಮೇಲೆ ಕೂತ ಮಕ್ಕಳನ್ನ ಒಂದೊಂದು ಜಾಗ ಎಡಕ್ಕೆ ಸರಿಸಬೇಕು ಅಂದ್ಕೊಳ್ಳಿ. ಎಡತುದಿಯಿಂದ ಶುರು ಮಾಡಿದರೆ ಸಲೀಸು. ಬಲತುದಿಯಿಂದ ಶುರು ಮಾಡಿದರೆ ಒಬ್ಬರ ತೊಡೆ ಮೇಲೆ ಒಬ್ಬರು.

ಲಿನಸ್ ಟೊರ್ವಾಲ್ಡ್ಸ್ ಖುದ್ದಾಗಿ ಆ ದೂರಿನ ಚರ್ಚೆಗೆ ಇಳಿದ್ರು. ಒಂದು ಕಡೆ, ತಪ್ಪು ಫ್ಲ್ಯಾಶ್‌ದು, ನಿಯಮ ಓದಿಕೊಳ್ಳಲಿ ಅನ್ನೋರು. ಇನ್ನೊಂದು ಕಡೆ, ಬಳಸೋವರಿಗೆ ನಿಯಮ ಪುಸ್ತಕ ಬೇಕಿಲ್ಲ, ನಿನ್ನೆ ಓಡ್ತಿದ್ದದ್ದು ಇವತ್ತೂ ಓಡಬೇಕು ಅನ್ನೋರು. ಟೊರ್ವಾಲ್ಡ್ಸ್ ಈ ಕಡೆ. 2011ರ ಜಿಲಿಬ್‌ಸಿ 2.14ರಲ್ಲಿ ಸಿಂಬಲ್ ವರ್ಶನಿಂಗ್ ಕೈ ಹಿಡೀತು. ಮೆಮ್‌ಸಿಪಿವೈಗೆ ಹೊಸ ಚೀಟಿ ಕೊಟ್ಟರು. ಹಳೆಯ ಚೀಟಿ ಕೇಳಿಕೊಂಡು ಬಂದವರಿಗೆ ಸುರಕ್ಷಿತವಾದ ನಡವಳಿಕೆ, ಹೊಸದಾಗಿ ಕಟ್ಟಿದವರಿಗೆ ವೇಗದ್ದು. ನನ್ನ ಅಭಿಪ್ರಾಯ ಕೇಳಿದ್ರೆ, ಟೊರ್ವಾಲ್ಡ್ಸ್ ಹೇಳಿದ್ದೇ ಸರಿ. ಹಾಡು ಕೇಳೋಕೆ ಕೂತವನಿಗೆ ಯಾರು ನಿಯಮ ಮುರಿದರು ಅನ್ನೋದು ಬೇಕಿಲ್ಲ.

ಅದೇ 2010ರಲ್ಲಿ ಫೈರ್‌ಫಾಕ್ಸ್ 3.6.4 ಇನ್ನೊಂದು ದಾರಿ ಹಿಡಿದಿತ್ತು. ಪ್ಲಗಿನ್ನನ್ನ ಮನೆಯೊಳಗೆ ಕರೆಯೋದೇ ಬೇಡ, ಪಕ್ಕದಲ್ಲಿ ಬೇರೆ ಕೋಣೆ ಕೊಡೋಣ ಅಂತ. ಬೇರೆ ಪ್ರೋಸೆಸ್. ಅದು ಬಿದ್ದರೂ ಬ್ರೌಸರ್ ಬೀಳಲ್ಲ.

ಕನ್ನಡಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳ್ತೀರಿ. ಬಹಳ ಇದೆ. ಲಿನಕ್ಸಿನಲ್ಲಿ ಕನ್ನಡ ಸರಿಯಾಗಿ ಮೂಡೋಕೆ ಮೊದಲ ವರ್ಷಗಳಲ್ಲಿ ಆಸರೆಯಾಗಿದ್ದೇ ಇಂಥ ಪ್ಲಗಿನ್‌ಗಳು. ಗ್ನೋಮ್ ಪರಿಸರದಲ್ಲಿ ಪ್ಯಾಂಗೋ ಅನ್ನೋ ಲೈಬ್ರರಿ ಅಕ್ಷರ ಜೋಡಿಸುತ್ತೆ. ಅದರಲ್ಲಿ ಭಾರತೀಯ ಲಿಪಿಗಳ ಕೆಲಸ ಒಂದು ಪ್ರತ್ಯೇಕ ಮಾಡ್ಯೂಲ್, ಬೇಕಾದಾಗ ಎತ್ತಿಕೊಳ್ಳೋ ಡಾಟ್ ಎಸ್‌ಓ ಕಡತ. ಅದರ ಕೋಡಿನ ಮೂಲ ಐಬಿಎಂನವರ ಐಸಿಯು. ಓಪನ್‌ಆಫೀಸ್ ಐಸಿಯುವನ್ನೇ ನೇರವಾಗಿ ಬಳಸ್ತಿತ್ತು. ಕೆಡಿಇಯವರದ್ದು ಕ್ಯೂಟಿ, ಅದರೊಳಗೆ ಇನ್ನೊಂದು ಪ್ರತಿ. ಅಂದ್ರೆ ಅರ್ಕಾವತ್ತು ಎಲ್ಲಿ ಕೂರಬೇಕು, ಒತ್ತಕ್ಷರ ಎಷ್ಟು ಕೆಳಗೆ ಇಳೀಬೇಕು ಅನ್ನೋದನ್ನ ಮೂರು ಕಡೆ ಮೂರು ಥರ ಬರೆದಿದ್ರು. ಬ್ರೌಸರಿನಲ್ಲಿ ಸರಿಯಾಗಿ ಕಾಣ್ತಿದ್ದ ಪದ ಆಫೀಸಿನಲ್ಲಿ ಮುರಿದು ಕಾಣ್ತಿತ್ತು. ಒಂದು ಕಡೆ ತಿದ್ದಿದರೆ ಇನ್ನೆರಡು ಕಡೆ ಹಾಗೇ. 2001ರಿಂದ ಬೆಂಗಳೂರಿನಲ್ಲಿ ನಡೀತಿದ್ದ ಲಿನಕ್ಸ್ ಬೆಂಗಳೂರು ಸಮಾವೇಶ, 2005ರಿಂದ ಫಾಸ್ ಡಾಟ್ ಇನ್ ಆಯ್ತಲ್ಲ, ಭಾರತೀಯ ಭಾಷೆಗಳನ್ನ ಲಿನಕ್ಸಿಗೆ ತರೋರು ಒಬ್ಬರನ್ನೊಬ್ಬರು ಕಾಣ್ತಿದ್ದ ಜಾಗಗಳಲ್ಲಿ ಅದೂ ಒಂದು.

ಇದನ್ನೆಲ್ಲ ಒಂದೇ ಕೊಪ್ಪರಿಗೆಗೆ ತಂದದ್ದು ಹಾರ್ಫ್‌ಬಜ್. ಫ್ರೀಟೈಪ್ ಯೋಜನೆಯ ಹಳೆಯ ಕೋಡಿನಿಂದ ಶುರುವಾಗಿ, ಇರಾನ್ ಮೂಲದ ಬೆಹ್‌ದಾದ್ ಎಸ್ಫಹಬೋದ್ ಅವರ ಕೈಯಲ್ಲಿ ಹೊಸದಾಗಿ ಬರೆಸಿಕೊಂಡ ಲೈಬ್ರರಿ. ಹೆಸರೂ ಪಾರ್ಸಿಯದ್ದೇ, ಓಪನ್‌ಟೈಪ್ ಅನ್ನೋದರ ಅನುವಾದ. 2012ರ ಹೊತ್ತಿಗೆ ಪ್ಯಾಂಗೋ ಅದಕ್ಕೆ ಬದಲಾಯ್ತು, 2013ರ ಲಿಬ್ರೆಆಫೀಸ್ 4.1 ಲಿನಕ್ಸಿನಲ್ಲಿ ಅದನ್ನೇ ಹಿಡೀತು, ಕ್ಯೂಟಿಯೂ ಬಂತು. ಪ್ಯಾಂಗೋದ ಆ ಮಾಡ್ಯೂಲ್‌ಗಳ ಕಾಲ ಮುಗೀತು. ಇವತ್ತು ಗುಬ್ಬಿ, ನವಿಲು, ಲೋಹಿತ್ ಯಾವುದೇ ಫಾಂಟ್ ಹಾಕಿ, ಬ್ರೌಸರಿನಲ್ಲೂ ಆಫೀಸಿನಲ್ಲೂ ಪದ ಒಂದೇ ಥರ ಕಾಣೋಕೆ ಇದೇ ಕಾರಣ.

ಆದರೆ ಒಂದೇ ಕೊಪ್ಪರಿಗೆ ಆದ ಮೇಲೆ ಜಗಳವೂ ಅದರ ಸುತ್ತಲೇ. ಹಾರ್ಫ್‌ಬಜ್‌ಗೆ ಫಾಂಟ್ ಓದೋಕೆ ಫ್ರೀಟೈಪ್ ಬೇಕು. ಆಮೇಲೆ ಫ್ರೀಟೈಪ್‌ಗೂ ಅಕ್ಷರ ಚೊಕ್ಕ ಮಾಡೋ ಕೆಲಸಕ್ಕೆ ಹಾರ್ಫ್‌ಬಜ್ ಬೇಕಾಯ್ತು. ಕೋಳಿ ಮೊದಲೋ ಮೊಟ್ಟೆ ಮೊದಲೋ? ಲಿನಕ್ಸನ್ನ ಮೊದಲಿನಿಂದ ಕಟ್ಟೋರು ಹಾರ್ಫ್‌ಬಜ್ ಇಲ್ಲದೆ ಒಂದು ಫ್ರೀಟೈಪ್ ಕಟ್ತಾರೆ, ಅದರಿಂದ ಹಾರ್ಫ್‌ಬಜ್ ಕಟ್ತಾರೆ, ಆಮೇಲೆ ಫ್ರೀಟೈಪನ್ನ ಮತ್ತೆ ಕಟ್ತಾರೆ. ಇನ್ನೊಂದು ತೊಂದರೆ, ಕೆಲವು ದೊಡ್ಡ ಸಾಫ್ಟ್‌ವೇರ್‌ಗಳು ತಮ್ಮದೇ ಹಳೆಯ ಫ್ರೀಟೈಪನ್ನ ಜೊತೆಗೆ ಹೊತ್ತುಕೊಂಡು ಬರೋದು. ವ್ಯವಸ್ಥೆಯ ಫಾಂಟ್‌ಕಾನ್ಫಿಗ್ ಲೈಬ್ರರಿ 2018ರ ಫ್ರೀಟೈಪ್ 2.9ರಲ್ಲಿ ಹುಟ್ಟಿದ ಎಫ್‌ಟಿ ಡನ್ ಎಮ್‌ಎಮ್ ವಾರ್ ಅನ್ನೋ ಫಂಕ್ಷನ್ ಕೇಳುತ್ತೆ. ಸಾಫ್ಟ್‌ವೇರ್ ಹೊತ್ತು ತಂದದ್ದರಲ್ಲಿ ಅದಿಲ್ಲ. ಆದರೆ ಮೊದಲು ಒಳಗೆ ಬಂದದ್ದು ಅದೇ. ಕಿಟಕಿಯೇ ತೆರೆಯಲ್ಲ. ಪರಿಹಾರ ಬಹಳ ಸಲ ಇಷ್ಟೇ: ಅದು ಹೊತ್ತು ತಂದ ಹಳೆಯ ಪ್ರತಿಯ ಹೆಸರು ಬದಲಾಯಿಸಿ ಪಕ್ಕಕ್ಕಿಡೋದು, ಆಗ ವ್ಯವಸ್ಥೆಯ ಹೊಸದು ಸಿಗುತ್ತೆ. ಒಂದೇ ಎಸ್‌ಓ ನೇಮ್ ಇದ್ದಾಗ ಹೊಸದು ಹಳೆಯದರ ಕೆಲಸ ಮಾಡುತ್ತೆ, ಹಳೆಯದು ಹೊಸದರ ಕೆಲಸ ಮಾಡಲ್ಲ.

ಐಸಿಯುವಿನವರು ಇದಕ್ಕೆ ಹೆದರಿ ಬೇರೆಯೇ ಮಾರ್ಗ ಹಿಡಿದಿದ್ರು. ಪ್ರತಿ ಫಂಕ್ಷನ್ನಿನ ಹೆಸರಿನ ಬಾಲಕ್ಕೇ ಆವೃತ್ತಿಯ ಅಂಕಿ. 60 ಮತ್ತು 70 ಒಂದೇ ಮನೆಯಲ್ಲಿದ್ದರೂ ಹೆಸರು ಬೇರೆ, ಜಗಳ ಇಲ್ಲ. ಆದರೆ ನನ್ನಂಥವರು ಮಾಡೋ ಸುಳ್ಳು ಲಿಂಕು ಇಲ್ಲಿ ನಡೆಯಲ್ಲ. ಆ ಎರಡನೇ ದೂರು ಬಂದದ್ದು ಅದಕ್ಕೇ, ಈಗ ಯೋಚಿಸಿದರೆ ಅದು ನನ್ನನ್ನ ಕಾಪಾಡೋಕೆ ಬಂದದ್ದು.

ಈ ಜಗಳಗಳಿಂದ ಅತಿ ಹೆಚ್ಚು ದುಡ್ಡು ಕಳಕೊಂಡ ಉದ್ಯಮ ಅಂದ್ರೆ ಸಿನಿಮಾ ಗ್ರಾಫಿಕ್ಸ್ ಇರಬೇಕು ಅಂತ ನನ್ನ ಗುಮಾನಿ. 2016ರ ದಿ ಜಂಗಲ್ ಬುಕ್ ಚಿತ್ರದ ಕೆಲಸದಲ್ಲಿ ಎಂಪಿಸಿಯ ಬೆಂಗಳೂರಿನ ಸ್ಟುಡಿಯೋದವರೂ ಇದ್ದರು. ಇಂಥ ಸ್ಟುಡಿಯೋಗಳಲ್ಲಿ ಮಾಯಾ, ನ್ಯೂಕ್, ಹೂಡಿನಿ ಥರದ ಸಾಫ್ಟ್‌ವೇರ್ ಬಹುಪಾಲು ಲಿನಕ್ಸಿನ ಮೇಲೆ ಓಡುತ್ತೆ, ಪ್ರತಿಯೊಂದಕ್ಕೂ ಹತ್ತಾರು ಪ್ಲಗಿನ್. ಒಂದು ಕಂಪನಿಯದ್ದು ಒಂದು ಕಂಪೈಲರು, ಇನ್ನೊಂದರದ್ದು ಇನ್ನೊಂದು. ಹಾಗಾಗಿ ವಿಷುಯಲ್ ಎಫೆಕ್ಟ್ಸ್ ಸೊಸೈಟಿಯ ಆಶ್ರಯದಲ್ಲಿ 2014ರಿಂದ ವಿಎಫ್‌ಎಕ್ಸ್ ರೆಫರೆನ್ಸ್ ಪ್ಲಾಟ್‌ಫಾರ್ಮ್ ಅಂತ ವರ್ಷಕ್ಕೊಂದು ಪಟ್ಟಿ ಬರುತ್ತೆ: ಈ ವರ್ಷ ಇಂಥ ಜಿಸಿಸಿ, ಇಂಥ ಜಿಲಿಬ್‌ಸಿ, ಇಂಥ ಪೈಥಾನ್, ಎಲ್ಲರೂ ಇದರ ಮೇಲೆ ಕಟ್ಟಿ.

ಅದರಲ್ಲಿ ಒಂದು ಸಾಲು ನೋಡಿದರೆ ಈ ಇತಿಹಾಸದ ನಿಧಾನ ತಿಳಿಯುತ್ತೆ. 2015ರಲ್ಲಿ ಜಿಸಿಸಿ 5, ಸಿ ಪ್ಲಸ್ ಪ್ಲಸ್‌ನ ಸ್ಟ್ರಿಂಗ್ ಒಳಗಿನ ಜೋಡಣೆಯನ್ನ ಬದಲಾಯಿಸಿತು. ಲೈಬ್ರರಿಯ ಅಂಕಿ ಏರಿಸಲಿಲ್ಲ. ಹಳೆಯ ಸ್ಟ್ರಿಂಗು, ಹೊಸ ಸ್ಟ್ರಿಂಗು ಎರಡನ್ನೂ ಒಂದೇ ಲೈಬ್ರರಿಯಲ್ಲಿಟ್ಟು, ಕಟ್ಟೋವರು ಆರಿಸಿಕೊಳ್ಳಲಿ ಅಂತ ಒಂದು ಸ್ವಿಚ್ ಕೊಟ್ಟರು. ಯಜಮಾನ ಹಳೆಯದು, ಪ್ಲಗಿನ್ ಹೊಸದು ಆದ್ರೆ ಹೆಸರುಗಳೇ ಹೊಂದಲ್ಲ. ಸಿನಿಮಾದವರ ಪಟ್ಟಿ ಹೊಸ ಸ್ಟ್ರಿಂಗಿಗೆ ದಾಟಿದ್ದು 2023ರಲ್ಲಿ. ಎಂಟು ವರ್ಷ!

ಪೈಥಾನಿನವರೂ ಇಂಥದ್ದೇ ಒಪ್ಪಂದ ಮಾಡ್ಕೊಂಡ್ರು. 2016ರ ಮೆನಿಲಿನಕ್ಸ್: ಹಂಚೋ ಕಡತಗಳನ್ನ ಬೇಕಂತಲೇ ಹಳೆಯ ಸೆಂಟ್‌ಓಎಸ್ 5ರ ಮೇಲೆ ಕಟ್ಟಿ, ಆಗ ಎಲ್ಲಾ ಕಡೆ ಓಡುತ್ತೆ. ಫ್ಲ್ಯಾಟ್‌ಪ್ಯಾಕ್, ಸ್ನ್ಯಾಪ್, ಆಪ್‌ಇಮೇಜ್ ಕೂಡ ಬಂದವು. ಪ್ರತಿ ಮನೆಗೂ ಅದರದ್ದೇ ಕೊಪ್ಪರಿಗೆ ಅನ್ನೋ ಹಳೆಯ ವ್ಯವಸ್ಥೆಗೆ ಅರ್ಧ ದಾರಿ ವಾಪಸ್. ಡಿಸ್ಕ್ ಅಗ್ಗವಾಗಿದೆ, ಜಗಳ ದುಬಾರಿಯಾಗಿದೆ.

ಈಗ ಶಾಲೆಗೆ ವಾಪಸ್ ಹೋಗೋಣ. ಡಿಸ್ಕಿಗೆ ಏನೂ ಆಗಿರಲಿಲ್ಲ, ಮಕ್ಕಳ ದಾಖಲೆ ಎಲ್ಲಾ ಸುರಕ್ಷಿತ. ಹಡಗಲಿಗೆ ಹೋಗಿ, ಒಬ್ಬ ಗೆಳೆಯನ ಅಂಗಡಿಯಲ್ಲಿ ಪೆನ್ ಡ್ರೈವಿಗೆ ಉಬುಂಟು 18.04 ಬರೆಸಿಕೊಂಡು ಬರೋ ಹೊತ್ತಿಗೆ ಸಂಜೆ ಆರು. ಪೆನ್ ಡ್ರೈವಿನಿಂದ ಯಂತ್ರ ಎಬ್ಬಿಸಿ, ಅದರಲ್ಲಿದ್ದ ಸರಿಯಾದ ಲಿಬ್‌ಸಿಯನ್ನ ಡಿಸ್ಕಿಗೆ ವಾಪಸ್ ಹಾಕಿದೆ. ಯಂತ್ರ ಎದ್ದಿತು. ಟಿ.ಸಿ.ಗೆ ಬಂದ ತಾಯಂದಿರನ್ನ ಮೇಷ್ಟ್ರು ಅಷ್ಟೊತ್ತಿಗೆ ನಾಳೆ ಬರ್ರಿ ಅಂತ ಕಳಿಸಿದ್ರು. ಅವರು ಬಂದದ್ದು ಎರಡು ಬಸ್ ಬದಲಾಯಿಸಿ. ಆ ಮಾತು ಮೇಷ್ಟ್ರು ನನಗೆ ಬೈಯ್ಯದೆ, ಸುಮ್ಮನೆ ಹೇಳಿದ್ರು.

ಮನೆಗೆ ಬಂದ ಮೇಲೆ ಮೊದಲೇ ಮಾಡಬೇಕಾದದ್ದನ್ನ ಮಾಡಿದೆ. ನನ್ನ ಲ್ಯಾಪ್‌ಟಾಪಿನೊಳಗೆ ಒಂದು ಕಂಟೇನರಿನಲ್ಲಿ ಉಬುಂಟು 18.04 ಹಾಕಿ, ಪ್ಲಗಿನ್ನನ್ನ ಅದರೊಳಗೇ ಕಟ್ಟಿದೆ. ಎಲ್‌ಡಿಡಿ ಓಡಿಸಿ ಯಾವ ಲೈಬ್ರರಿ ಕೇಳ್ತಿದೆ, ಆಬ್ಜ್‌ಡಂಪ್ ಓಡಿಸಿ ಯಾವ ಚೀಟಿ ಕೇಳ್ತಿದೆ ಅಂತ ಸಾಲು ಸಾಲಾಗಿ ನೋಡಿದೆ. 2.27ಕ್ಕಿಂತ ಮೇಲಿನದು ಒಂದೂ ಇರಬಾರದು. ಥ್ರೆಡ್ಡಿನ ಶೋಕಿ ತೆಗೆದೆ. ಐಸಿಯುವನ್ನ ಪ್ಲಗಿನ್ನಿನ ಹೊಟ್ಟೆಯೊಳಗೇ ತುಂಬಿ, ಅದರ ಹೆಸರುಗಳು ಹೊರಗೆ ಕಾಣದ ಹಾಗೆ ಮುಚ್ಚಿದೆ. ಓಡ್ತು, ಆದರೆ ಒಂದು ಸಣ್ಣ ಪ್ಲಗಿನ್ ಹತ್ತಾರು ಎಂ.ಬಿ. ಆಯ್ತು.

ಆಮೇಲೆ ಕೂತು ನೋಡಿದೆ, ಐಸಿಯುವಿನಿಂದ ನಾನು ಬಳಸ್ತಿದ್ದದ್ದು ಬರೀ ಎರಡು ಫಂಕ್ಷನ್. ನುಡಿಯಲ್ಲಿ ಅಕ್ಷರ ಕಣ್ಣಿಗೆ ಕಾಣೋ ಕ್ರಮದಲ್ಲಿರುತ್ತೆ, ಅರ್ಕಾವತ್ತು ಅಕ್ಷರದ ಆಮೇಲೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ರಕಾರ ಮೊದಲು. ಒಂದು ಕೋಷ್ಟಕ, ಆ ಕ್ರಮ ಅದಲುಬದಲು ಮಾಡೋ ಒಂದಿಷ್ಟು ಸಾಲು, ಇಷ್ಟೇ ಕೆಲಸ. ಐಸಿಯುವನ್ನ ಪೂರ್ತಿ ಕಿತ್ತು, ಆ ಎರಡನ್ನೂ ಕೈಯಲ್ಲಿ ಬರೆದೆ, ಅರವತ್ತು ಸಾಲೂ ಆಗಲಿಲ್ಲ.

ಮುಂದಿನ ಸೋಮವಾರ ಪೆನ್ ಡ್ರೈವ್ ತಗೊಂಡು ಹೋದಾಗ ಮೇಷ್ಟ್ರು ನನ್ನನ್ನ ಕುರ್ಚಿಯಲ್ಲಿ ಕೂರಿಸಲಿಲ್ಲ. "ನೀ ಹೇಳು, ನಾ ಒತ್ತತೀನಿ" ಅಂದ್ರು. ಒತ್ತಿದ್ರು. 2006ರ ದಾಖಲಾತಿ ಪುಸ್ತಕ ತೆರೆದು ಒಂದು ಹೆಸರು ಹುಡುಕಿದ್ರು, ಸಿಕ್ತು. ಎರಡು ಕಡೆ ಅರ್ಕಾವತ್ತು ತಪ್ಪಾಗಿತ್ತು; ಅದು ಲೈಬ್ರರಿಯ ತಪ್ಪಲ್ಲ, ನನ್ನ ಕೋಷ್ಟಕದ್ದು. ಅಲ್ಲೇ ತಿದ್ದಿದೆ.